ಅಂಬಪಾಲಿಯ ಮುಪ್ಪು: ದೇಹದ ಅಳಲಿಗೆ ಓದಿನ ಆಸರೆ

ಕೂದಲು ಉದುರುವುದು, ಮಂಡಿ ಹಿಡಿದುಕೊಳ್ಳುವುದು, ದನಿ ಒಡೆಯುವುದು ಬೇರೆ ಬೇರೆ ನಷ್ಟಗಳು. ಸುತ್ತಲಿನವರು ಮಾತ್ರ ಎಲ್ಲವನ್ನೂ ಸೇರಿಸಿ ‘ವಯಸ್ಸಾಯಿತಲ್ಲ’ ಎಂದುಬಿಡುತ್ತಾರೆ. ಅಷ್ಟಕ್ಕೆ ಅಳಲು ತಗ್ಗುವುದಿಲ್ಲ, ಹೇಳಿಕೊಳ್ಳಲಾಗದೆ ಒಳಗೇ ಉಳಿಯುತ್ತದೆ. ಬೌದ್ಧ ಭಿಕ್ಷುಣಿಯರ ಪಾಲಿ ಗಾಥೆಗಳ ಸಂಗ್ರಹವಾದ ‘ಥೇರೀಗಾಥಾ’ದಲ್ಲಿ ಅಂಬಪಾಲಿಯ ಹೆಸರಿನಲ್ಲಿರುವ 19 ಗಾಥೆಗಳು ಇಂಥ ಅಳಲಿಗೆ ಹೇಗೆ ಒದಗುತ್ತವೆ ಎಂಬುದನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಅಂಬಪಾಲಿ ವೈಶಾಲಿಯ ಹೆಸರಾಂತ ಗಣಿಕೆ. ಬುದ್ಧನಿಗೆ ಮಾವಿನ ತೋಪನ್ನು ದಾನಕೊಟ್ಟು, ಮುಂದೆ ಭಿಕ್ಷುಣಿಯಾದವಳು. ಗಾಥೆಗಳಲ್ಲಿ ಅವಳು ನೆತ್ತಿಯಿಂದ ಪಾದದವರೆಗೆ ತನ್ನ ಒಂದೊಂದೇ ಅಂಗವನ್ನು ನೋಡಿಕೊಳ್ಳುತ್ತಾ ಬರುತ್ತಾಳೆ. ದುಂಬಿಯಂತೆ ಕಪ್ಪಾಗಿದ್ದ ಕೂದಲು ಸೆಣಬಿನ ನಾರಾಗಿದೆ, ಉಂಗುರ ತೊಟ್ಟಿದ್ದ ಕೈ ಬೇರಿನಂತೆ ಗಂಟುಗಟ್ಟಿದೆ, ಕಾಲಂದುಗೆಯ ಕಾಲು ಎಳ್ಳಿನ ಕಡ್ಡಿಯಾಗಿದೆ. ಬುದ್ಧವಚನದ ಸತ್ಯವನ್ನು ಒಪ್ಪುವ ಒಂದೇ ಪಲ್ಲವಿ ಪ್ರತಿ ಗಾಥೆಯ ಕೊನೆಗೂ ಬರುತ್ತದೆ.

ಇದನ್ನು ಅನಿತ್ಯತೆಯ ಬೋಧನೆಯಾಗಿ ಓದುವುದು ವಾಡಿಕೆ. ತಪ್ಪಲ್ಲ, ಆದರೆ ಸಾಲದು. ಬಹುಪಾಲು ಗಾಥೆಗಳಲ್ಲಿ ಮೊದಲೆರಡು ಪಾದಗಳು ಕಳೆದುಹೋದ ಚೆಲುವಿಗೇ ಮೀಸಲು. ಮುಪ್ಪಿಗೆ ಸಿಗುವುದು ಮೂರನೆಯ ಪಾದವೊಂದೇ. ದೇಹದ ಬಗ್ಗೆ ಹೇಸಿಗೆ ಹುಟ್ಟಿಸುವುದಷ್ಟೇ ಗುರಿಯಾಗಿದ್ದರೆ ಈ ಹಂಚಿಕೆ ತಿರುವುಮುರುವಾಗಿರಬೇಕಿತ್ತು. ಇದ್ದ ಚೆಲುವು ನಿಜವಾಗಿಯೂ ಇತ್ತೆಂದು ಕವಿತೆ ಒಪ್ಪುತ್ತದೆ, ಪ್ರೀತಿಯಿಂದ ಹೆಸರಿಸುತ್ತದೆ, ಆಮೇಲೆ ಹೋದದ್ದನ್ನು ಹೇಳುತ್ತದೆ. ಕಳೆದುಕೊಂಡವರಿಗೆ ಮೊದಲು ಬೇಕಾದದ್ದು ಈ ಒಪ್ಪಿಗೆಯೇ.

ಮುಪ್ಪನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನವೂ ನರೆ, ಸುಕ್ಕು, ಉದುರಿದ ಹಲ್ಲು, ಬಾಗಿದ ಬೆನ್ನುಗಳನ್ನು ಹೀಗೆಯೇ ಎಣಿಸುತ್ತದೆ. ಆದರೆ ಅದು ಮುಪ್ಪು ಬರುವ ಮುನ್ನವೇ ಕೂಡಲಸಂಗಮನನ್ನು ಪೂಜಿಸೆಂದು ಎಚ್ಚರಿಸುವ ಮಾತು. ಇನ್ನೂ ಕಾಲವಿರುವವರನ್ನು ಕುರಿತದ್ದು. ಅಂಬಪಾಲಿ ಎಲ್ಲವೂ ಆಗಿಹೋದ ಮೇಲೆ ಮಾತಾಡುತ್ತಾಳೆ. ಆ ಹೊತ್ತು ದಾಟಿದ ಓದುಗರಿಗೆ ಎಚ್ಚರಿಕೆಗಿಂತ ಅವಳ ಜೊತೆಯೇ ಹೆಚ್ಚು ಆಪ್ತ ಎಂಬುದು ನನ್ನ ವಾದ. ಅಂಗಾಂಗವಾಗಿ ಸಾಗುವ ನಿಧಾನವೂ ಆ ಓದಿಗೆ ಹೊಂದುತ್ತದೆ: ಇವತ್ತು ಕೈಯ ಗಾಥೆ ಸಾಕೆನಿಸಿದರೆ ಅಲ್ಲಿಗೇ ಪುಸ್ತಕ ಮುಚ್ಚಬಹುದು.

ಈ ಓದಿಗೆ ಒಂದು ಮಿತಿಯಿದೆ. ಅಂಬಪಾಲಿಯದು ಸಾವಕಾಶವಾಗಿ ಬಂದ ಮುಪ್ಪು, ಭಿಕ್ಷುಣಿಯೊಬ್ಬಳ ಸಮಾಧಾನದ ಕಣ್ಣು. ನಡುವಯಸ್ಸಿನಲ್ಲಿ, ಒಂದೇ ಶಸ್ತ್ರಚಿಕಿತ್ಸೆಯಲ್ಲಿ ದೇಹ ಬದಲಾದವರಿಗೆ ಅಷ್ಟು ಸಮಾಧಾನ ದೂರದ್ದೆನಿಸಬಹುದು. ಅಂಥವರಿಗೆ ಅಮೆರಿಕದ ಕವಿ ಆಡ್ರೆ ಲಾರ್ಡ್ ಅವರ ‘ದಿ ಕ್ಯಾನ್ಸರ್ ಜರ್ನಲ್ಸ್’ (1980) ಹತ್ತಿರವಾದೀತು. 1978ರಲ್ಲಿ ಒಂದು ಸ್ತನವನ್ನು ತೆಗೆಸಿಕೊಳ್ಳಬೇಕಾಗಿ ಬಂದ ಲಾರ್ಡ್, ಕೃತಕ ಸ್ತನ ತೊಡಲೊಪ್ಪದೆ, ಭಯವನ್ನೂ ಸಿಟ್ಟನ್ನೂ ಮರೆಮಾಚದೆ ಅದರಲ್ಲಿ ಬರೆದಿದ್ದಾರೆ.