ಕನ್ನಡ ಚಿತ್ರನಟಿಯರು: ನಟನೆಯಿಂದ ನಿರ್ದೇಶನಕ್ಕೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ ಅಭಿನಯಿಸಿದ್ದರು. ಅದಕ್ಕೂ ಮೊದಲು, 1931ರ ಮೂಕಿಚಿತ್ರ 'ವಸಂತಸೇನಾ'ದಲ್ಲಿ ಏಣಾಕ್ಷಿ ರಾಮರಾವ್ ಮತ್ತು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಪಾತ್ರ ವಹಿಸಿದ್ದರು. ಬಣ್ಣ ಹಚ್ಚುವ ಹೆಣ್ಣನ್ನು ಮನೆಯೊಳಗೆ ಸೇರಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಓದಿದ ಮನೆತನದ ಮಹಿಳೆಯರು ಹೀಗೆ ಮುಂದೆ ಬಂದದ್ದು ಅಪರೂಪ. ಆರಂಭದ ನಟಿಯರಲ್ಲಿ ಹೆಚ್ಚಿನವರು ನಾಟಕ ಕಂಪನಿಗಳಿಂದಲೇ ಬಂದರು.

ಎಂ.ವಿ. ರಾಜಮ್ಮ ಅವರಲ್ಲೊಬ್ಬರು. 1936ರ 'ಸಂಸಾರ ನೌಕೆ'ಯಿಂದ ಪರಿಚಿತರಾದ ಅವರು 1943ರಲ್ಲಿ 'ರಾಧಾರಮಣ'ವನ್ನು ತಾವೇ ನಿರ್ಮಿಸಿದರು. ಕನ್ನಡದ ಮೊದಲ ನಿರ್ಮಾಪಕಿ ಎಂಬ ಹೆಸರು ಅವರದೇ. ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ತೆರೆಗೆ ಬಂದದ್ದೂ ಇದೇ ಚಿತ್ರದಿಂದ. ನಟಿಯ ಕೈಗೆ ಮೊದಲು ಸಿಕ್ಕಿದ ಅಧಿಕಾರ ಹಣದ ಜವಾಬ್ದಾರಿಯದು. ನಿರ್ದೇಶನದ ಕುರ್ಚಿ ಸಿಗಲು ಇನ್ನೂ ಮೂರೂವರೆ ದಶಕ ಕಾಯಬೇಕಾಯಿತು.

ನಡುವಿನ ಕಾಲ ತಾರೆಯರದು. ಬಿ. ಸರೋಜಾದೇವಿ (1938–2025) 'ಮಹಾಕವಿ ಕಾಳಿದಾಸ' (1955) ಚಿತ್ರದಿಂದ ಬೆಳಕಿಗೆ ಬಂದು, ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕರಲ್ಲೂ ನಾಯಕಿಯಾದರು. 1961ರ 'ಕಿತ್ತೂರು ಚೆನ್ನಮ್ಮ' ಇಂದಿಗೂ ಅವರ ಗುರುತು. ಸ್ಟುಡಿಯೊಗಳು ಹೆಚ್ಚಾಗಿ ಮದರಾಸಿನಲ್ಲಿ, ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಓಡುವ ತಾರೆಗೆ ಕ್ಯಾಮೆರಾದ ಹಿಂದೆ ನಿಲ್ಲುವ ಪುರುಸೊತ್ತು ಎಲ್ಲಿಂದ ಬರಬೇಕು? ನಿಂತರೆ ಹಣ ಹಾಕುವವರೂ ಬೇಕಲ್ಲ.

ನಟಿಯನ್ನೇ ಕಥೆಯ ಕೇಂದ್ರಕ್ಕೆ ತಂದ ಖ್ಯಾತಿ ನಿರ್ದೇಶಕ ಪುಟ್ಟಣ್ಣ ಕಣಗಾಲರಿಗೆ ಸಲ್ಲುತ್ತದೆ. ಎಂ.ಕೆ. ಇಂದಿರಾ ಕಾದಂಬರಿಯ 'ಗೆಜ್ಜೆಪೂಜೆ' (1969), ತ್ರಿವೇಣಿ ಕಾದಂಬರಿಯ 'ಶರಪಂಜರ' (1971) ಕಲ್ಪನಾ ಅವರ ಎತ್ತರವನ್ನು ತೋರಿದರೆ, 'ಎಡಕಲ್ಲು ಗುಡ್ಡದ ಮೇಲೆ' (1973) ಜಯಂತಿಯವರದು. 'ಗೆಜ್ಜೆಪೂಜೆ'ಯಲ್ಲೇ ಮೊದಲು ಕಾಣಿಸಿಕೊಂಡ ಆರತಿ, 'ಉಪಾಸನೆ', 'ಶುಭಮಂಗಳ'ಗಳನ್ನು ದಾಟಿ 1981ರ 'ರಂಗನಾಯಕಿ'ಯಲ್ಲಿ ರಂಗನಟಿಯೊಬ್ಬಳ ಬಾಳನ್ನು ಅಭಿನಯಿಸಿದರು. ಅಭಿನಯದಲ್ಲಿ ಅವರಿಗೆ ಇದಕ್ಕಿಂತ ದೊಡ್ಡ ಪಾತ್ರ ದಕ್ಕಲಿಲ್ಲ ಎನ್ನಬಹುದು. ಮುಂದೆ ಆರತಿ ಕಿರುತೆರೆಗೆ 'ನಮ್ಮ ನಮ್ಮಲ್ಲಿ' ಧಾರಾವಾಹಿಯನ್ನು, 2005ರಲ್ಲಿ 'ಮಿಠಾಯಿ ಮನೆ' ಚಿತ್ರವನ್ನು ನಿರ್ದೇಶಿಸಿದರು.

'ಮಿಠಾಯಿ ಮನೆ' ಮಕ್ಕಳ ಚಿತ್ರ. ಇನ್ನೊಬ್ಬ ಜನಪ್ರಿಯ ನಾಯಕಿ ಲಕ್ಷ್ಮಿ 1980ರಲ್ಲಿ ನಿರ್ದೇಶಿಸಿದ್ದೂ 'ಮಕ್ಕಳ ಸೈನ್ಯ'ವನ್ನೇ. ಇದು ಆಕಸ್ಮಿಕವಿರಲಾರದು. ಹೆಣ್ಣಿನ ಕೈಗೆ ಮಕ್ಕಳ ಕಥೆಯನ್ನು ಒಪ್ಪಿಸಲು ಉದ್ಯಮ ಹೆಚ್ಚು ಅಳುಕಲಿಲ್ಲ ಎಂದೇ ಓದಬೇಕು. ಕನ್ನಡದ ಮೊದಲ ನಿರ್ದೇಶಕಿ ಎಂದು ಸಾಮಾನ್ಯವಾಗಿ ಪ್ರೇಮಾ ಕಾರಂತರನ್ನು ಹೆಸರಿಸುವ ರೂಢಿಯಿದೆ. ಕಾಲಕ್ರಮ ನೋಡಿದರೆ ಲಕ್ಷ್ಮಿಯವರ ಚಿತ್ರ ಮುಂಚಿನದು. ಆದರೆ ಪ್ರೇಮಾ ಅವರ ದಾರಿಯೇ ಬೇರೆ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 'ಬೆನಕ' ರಂಗತಂಡದ ಮಕ್ಕಳ ನಾಟಕಗಳಲ್ಲಿ ಪಳಗಿದ ಅವರು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ವನ್ನು ತೆರೆಗೆ ತಂದರು. ಎಲ್.ವಿ. ಶಾರದಾ ಅಭಿನಯದ ಆ ಚಿತ್ರ ಬಾಲವಿಧವೆಯ ಬದುಕನ್ನು ಕಣ್ಣೀರಿನ ಸರಕು ಮಾಡಲಿಲ್ಲ. ನಿರ್ದೇಶಕಿಯ ಕಣ್ಣು ಎಂದರೇನು ಎಂಬುದಕ್ಕೆ ಕನ್ನಡದಲ್ಲಿ ಮೊದಲ ಗಟ್ಟಿ ಸಾಕ್ಷಿ ಇದು.

ನಿರ್ಮಾಣದ ಹಳೆಯ ದಾರಿಯೂ ಮುಚ್ಚಲಿಲ್ಲ. ಜಯಮಾಲಾ ನಿರ್ಮಿಸಿ ಅಭಿನಯಿಸಿದ, ಗಿರೀಶ್ ಕಾಸರವಳ್ಳಿ ನಿರ್ದೇಶನದ 'ತಾಯಿಸಾಹೇಬ' (1997) ಸ್ವರ್ಣಕಮಲ ಗೆದ್ದಿತು. 1947ರ 'ಕೃಷ್ಣಲೀಲಾ'ದಿಂದ ಬಂದ ಪ್ರತಿಮಾದೇವಿಯವರ ಮಗಳು ವಿಜಯಲಕ್ಷ್ಮಿ ಸಿಂಗ್ ಮಾತ್ರ ಮೂರನ್ನೂ ಮಾಡಿದರು: ಮೊದಲು ನಟನೆ, ಆಮೇಲೆ ನಿರ್ಮಾಣ, 2007ರ 'ಈ ಬಂಧನ'ದಿಂದ ನಿರ್ದೇಶನ. ವಿಷ್ಣುವರ್ಧನ್, ಜಯಪ್ರದಾ ಅಭಿನಯದ ಆ ಚಿತ್ರ ಮಕ್ಕಳ ಕಥೆಯಲ್ಲ, ಮಕ್ಕಳಿಂದ ನೊಂದ ವೃದ್ಧ ದಂಪತಿಯದು. 'ಮಳೆ ಬರಲಿ ಮಂಜು ಇರಲಿ' (2009) ಅದರ ನಂತರದ್ದು. 2019ರ 'ಯಾನ'ದಲ್ಲಿ ಅವರು ತಮ್ಮ ಮೂವರು ಹೆಣ್ಣುಮಕ್ಕಳನ್ನು ನಾಯಕಿಯರಾಗಿ ಪರಿಚಯಿಸಿದರು.