ವೆಬ್ ಸರ್ವರಿನ ಪ್ರೋಗ್ರಾಮುಗಳೂ ನುರಿತವರ ಪುನರಭ್ಯಾಸವೂ

ಒಂದು ಶಾಸ್ತ್ರದಲ್ಲಿ ಪರಿಣತರಾದವರು ಅದರ ನೂತನ ಶಾಖೆಯೊಂದನ್ನು ಕಲಿಯಹೊರಟಾಗ ಅವರ ಪೂರ್ವಜ್ಞಾನವು ಕೆಲವೆಡೆ ಊರೆಗೋಲಾಗಿಯೂ ಕೆಲವೆಡೆ ತೊಡಕಾಗಿಯೂ ಪರಿಣಮಿಸುವುದುಂಟು. ಗಣಕಯಂತ್ರಗಳಿಗೆ ಪ್ರೋಗ್ರಾಮುಗಳನ್ನು ರಚಿಸುವುದರಲ್ಲಿ ನುರಿತಿದ್ದವರು 1990ರ ದಶಕದಲ್ಲಿ ವೆಬ್ ಸರ್ವರಿಗಾಗಿ ಬರೆಯತೊಡಗಿದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಹೊಸ ಉಪಕರಣಗಳು ಅವರನ್ನು ಅಷ್ಟಾಗಿ ಬಾಧಿಸಲಿಲ್ಲ. ತಾವು ಬರೆದ ಪ್ರೋಗ್ರಾಮು ಎಷ್ಟು ಕಾಲ ಬದುಕಿರುವುದು, ಅದು ಯಾರ ಮಾತನ್ನು ನಂಬಬಹುದು ಎಂಬ ಎರಡು ವಿಷಯಗಳಲ್ಲಿಯೇ ಹಳೆಯ ಸಂಸ್ಕಾರವನ್ನು ತಿದ್ದಿಕೊಳ್ಳಬೇಕಾಯಿತು.

ಜಿನೀವಾ ನಗರದ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀಯವರು 1989ರಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟು, 1990ರ ಅಂತ್ಯದೊಳಗೆ ಮೊದಲನೆಯ ಬ್ರೌಸರನ್ನೂ ಸರ್ವರನ್ನೂ ಸಿದ್ಧಪಡಿಸಿದರು. ಓದುಗನ ಯಂತ್ರದಲ್ಲಿದ್ದು ಪುಟವನ್ನು ಬೇಡುವುದು ಬ್ರೌಸರ್. ದೂರದಲ್ಲಿದ್ದು ಅದನ್ನು ಒದಗಿಸುವುದು ಸರ್ವರ್. ಇವೆರಡರ ವ್ಯವಹಾರಕ್ಕೆ ಎಚ್‌ಟಿಟಿಪಿ ಎಂಬುದು ಕಟ್ಟಳೆ. ಅದರಂತೆ ಪ್ರತಿಯೊಂದು ಕೋರಿಕೆಯೂ ಸ್ವತಂತ್ರವಾದುದು. ಇದೇ ಓದುಗನು ಕ್ಷಣಕಾಲದ ಹಿಂದೆ ಏನನ್ನು ಕೇಳಿದ್ದನೆಂಬ ಸ್ಮರಣೆ ಅದರಲ್ಲಿಲ್ಲ. ಬರೆದಿಟ್ಟ ಪುಟಗಳನ್ನು ಕೊಡುವಷ್ಟೇ ಕೆಲಸವಾಗಿದ್ದಾಗ ಇದರಿಂದ ಯಾವ ಬಾಧಕವೂ ಇರಲಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ರಾಬ್ ಮೆಕೂಲರು ರಚಿಸಿದ ಸರ್ವರಿನೊಡನೆ 1993ರಲ್ಲಿ ಸಿಜಿಐ ಎಂಬ ಪದ್ಧತಿಯು ಬಳಕೆಗೆ ಬಂದಿತು. ಇನ್ನು ಮೇಲೆ ಸರ್ವರು ಸಿದ್ಧವಾದ ಪುಟವನ್ನು ಕೊಡುವುದಷ್ಟೇ ಅಲ್ಲದೆ, ಬೇರೊಂದು ಪ್ರೋಗ್ರಾಮನ್ನು ಓಡಿಸಿ ಅದು ಆಗಲೇ ರಚಿಸಿದ ಪುಟವನ್ನೂ ಕೊಡಬಲ್ಲುದಾಯಿತು. ಯೂನಿಕ್ಸ್ ಬಲ್ಲವರಿಗೆ ಇದರಲ್ಲಿ ಅಪರಿಚಿತವಾದುದು ಅಲ್ಪವೇ. ಕೋರಿಕೆಯ ವಿವರಗಳು ಬರುತ್ತಿದ್ದ ದಾರಿಯೂ ಉತ್ತರವು ಹೊರಡುತ್ತಿದ್ದ ದಾರಿಯೂ ಅವರು ದಿನವೂ ಬಳಸುತ್ತಿದ್ದವೇ. ಸಿ, ಪರ್ಲ್ ಮೊದಲಾದ ಬಲ್ಲ ಭಾಷೆಯಲ್ಲಿಯೇ ಬರೆಯಬಹುದಾಗಿತ್ತು. ಆದುದರಿಂದ ಈ ವಿದ್ಯೆಯು ಒಂದೆರಡು ದಿನಗಳ ಅಭ್ಯಾಸದಿಂದ ಕೈವಶವಾಗುವಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ತೊಡಕು ಬೇರೆ ಕಡೆಯಲ್ಲಿತ್ತು. ಸಿಜಿಐ ಪದ್ಧತಿಯಲ್ಲಿ ಪ್ರೋಗ್ರಾಮು ಪ್ರತಿ ಕೋರಿಕೆಗೂ ಹೊಸದಾಗಿ ಹುಟ್ಟಿ, ಉತ್ತರವನ್ನಿತ್ತೊಡನೆ ಅಳಿಯುತ್ತಿತ್ತು. ಗ್ರಾಹಕನೊಬ್ಬನು ಮೂರು ಪುಸ್ತಕಗಳನ್ನು ಒಂದೊಂದಾಗಿ ಆರಿಸಿದನೆನ್ನೋಣ. ಮೂರನೆಯದನ್ನು ಆರಿಸುವ ವೇಳೆಗೆ ಮೊದಲಿನ ಎರಡನ್ನು ಬಲ್ಲ ಪ್ರೋಗ್ರಾಮು ಉಳಿದೇ ಇರುತ್ತಿರಲಿಲ್ಲ. ಮೇಜಿನ ಮೇಲಣ ಯಂತ್ರಕ್ಕಾಗಿ ಬರೆದು ಪಳಗಿದವನಿಗೆ, ಪ್ರೋಗ್ರಾಮು ಪ್ರಾರಂಭದಿಂದ ಮುಕ್ತಾಯದವರೆಗೆ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡಿರುವುದೇ ಸಹಜ. ಇಲ್ಲಿ ಆ ನೆನಪನ್ನು ಪ್ರೋಗ್ರಾಮಿನ ಹೊರಗೆ ಎಲ್ಲಿಯಾದರೂ ಇರಿಸಲೇಬೇಕು. ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿಯವರು 1994ರಲ್ಲಿ ಕಲ್ಪಿಸಿದ ಕುಕಿಯು ಈ ಕೊರತೆಯನ್ನು ನೀಗಿಸಿತು. ಸರ್ವರು ಬ್ರೌಸರಿನ ಕೈಗೆ ಒಂದು ಗುರುತುಚೀಟಿಯನ್ನು ಕೊಡುವುದು. ಬ್ರೌಸರು ಪ್ರತಿ ಸಲವೂ ಅದನ್ನು ತೋರಿಸುವುದು.

ಎಲ್ಲ ಅನುಭವಿಗಳಿಗೂ ಇದು ಹೊಸತಾಗಿರಲಿಲ್ಲವೆಂಬುದು ಗಮನಾರ್ಹವಾಗಿದೆ. ಐಬಿಎಂ ಸಂಸ್ಥೆಯು 1969ರಲ್ಲಿ ಹೊರತಂದ ಸಿಐಸಿಎಸ್ ಎಂಬ ವ್ಯವಸ್ಥೆಯು ಬ್ಯಾಂಕು ಮೊದಲಾದೆಡೆಗಳ ದೊಡ್ಡ ಗಣಕಗಳಲ್ಲಿ ಪ್ರಚಾರಕ್ಕೆ ಬಂದಿತ್ತು. ಅದರಲ್ಲಿ ರೂಢವಾದ ಕ್ರಮದಂತೆ ಪ್ರೋಗ್ರಾಮು ಗುಮಾಸ್ತನ ಪರದೆಗೆ ನಮೂನೆಯನ್ನು ಕಳುಹಿಸಿ ತಾನು ಮುಗಿದುಹೋಗುತ್ತಿತ್ತು. ಅವನು ತುಂಬಿ ಕಳುಹಿಸಿದಾಗ ಮರಳಿ ಹುಟ್ಟಿ, ಕಾದಿರಿಸಿದ ಅಂಶಗಳಿಂದ ಕೆಲಸವನ್ನು ಮುಂದುವರಿಸುತ್ತಿತ್ತು. ಹಳತೆಂದು ಉಪೇಕ್ಷಿತರಾಗಬಹುದಾಗಿದ್ದ ಪಂಗಡದವರ ಬಳಿಯಲ್ಲಿಯೇ ಹೊಸ ವಿದ್ಯೆಯ ಮುಖ್ಯ ತತ್ತ್ವವು ಮೊದಲೇ ಇದ್ದಿತು.

ಮತ್ತೆ ಕೆಲವರು ತಮ್ಮ ಅಭ್ಯಾಸವನ್ನು ಬಿಡದೆ ವೆಬ್ಬನ್ನೇ ಅದಕ್ಕೆ ಹೊಂದಿಸಲು ಯತ್ನಿಸಿದರು. ಪಾಲ್ ಗ್ರಹಾಮ್ ಮತ್ತು ರಾಬರ್ಟ್ ಮಾರಿಸ್ ಎಂಬವರು 1995ರಲ್ಲಿ ಲಿಸ್ಪ್ ಭಾಷೆಯಲ್ಲಿ ಕಟ್ಟಿದ ವಯಾವೆಬ್ಬಿನಲ್ಲಿ, ಪುಟದ ಕೊಂಡಿಯನ್ನು ಒತ್ತಿದಾಗ ಮುಂದೆ ನಡೆಯಬೇಕಾದ ಕಾರ್ಯವು ಸರ್ವರಿನೊಳಗೇ ಕಾದಿರುವಂತೆ ಏರ್ಪಡಿಸಲಾಗಿತ್ತು. ಫ್ರಾನ್ಸಿನ ಕ್ರಿಸ್ತಿಯಾನ್ ಕೆನ್ನೆಕ್ಕರು 2000ದಲ್ಲಿ ಇಂತಹುದೇ ವಿಚಾರವನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದರು. ಬರಹವು ಸುಗಮವಾಯಿತು, ನಿಜ. ಆದರೆ ಓದುಗನು ಮರಳಿ ಬರುವನೋ ಇಲ್ಲವೋ ತಿಳಿಯದೆ ಅವನ ನೆನಪುಗಳನ್ನು ಹೊತ್ತಿರುವ ಭಾರವು ಸರ್ವರಿನ ಮೇಲೆ ಬಿದ್ದಿತು.

ಎರಡನೆಯದು ನಂಬಿಕೆಯ ವಿಚಾರ. ಹಿಂದೆ ಪ್ರೋಗ್ರಾಮನ್ನು ಬಳಸುತ್ತಿದ್ದವರು ಬಹುಮಟ್ಟಿಗೆ ಯಂತ್ರದ ಒಡೆಯರು, ಇಲ್ಲವೆ ಅದೇ ಸಂಸ್ಥೆಯವರು. ವೆಬ್ಬಿನಲ್ಲಾದರೋ ಲೋಕದ ಯಾವ ಮೂಲೆಯವನಾದರೂ ಏನನ್ನಾದರೂ ಕಳುಹಿಸಬಲ್ಲನು. ಎನ್‌ಸಿಎಸ್‌ಎ ಸರ್ವರಿನೊಡನೆ ಮಾದರಿಯಾಗಿ ಹಂಚಲ್ಪಟ್ಟಿದ್ದ ಪಿಎಚ್‌ಎಫ್ ಎಂಬ ಪುಟ್ಟ ಪ್ರೋಗ್ರಾಮಿನ ದೋಷವು 1996ರಲ್ಲಿ ಬಹಿರಂಗಕ್ಕೆ ಬಂದಿತು. ಅಪಾಯಕರವಾದ ಚಿಹ್ನೆಗಳನ್ನು ಸೋಸುತ್ತಿದ್ದ ಅದರ ಭಾಗವು ಸಾಲು ಮುರಿಯುವ ಒಂದು ಚಿಹ್ನೆಯನ್ನು ಬಿಟ್ಟಿದ್ದಿತು. ಆ ಒಂದು ಕಂಡಿಯ ಮೂಲಕ ಅಪರಿಚಿತರು ಸರ್ವರಿನಲ್ಲಿ ತಮಗೆ ಬೇಕಾದ ಆಜ್ಞೆಗಳನ್ನು ನಡೆಯಿಸಬಹುದಾಗಿತ್ತು. ಕಲಿಯುವವರಿಗೆಂದು ಕೊಟ್ಟ ಮಾದರಿಯಲ್ಲಿಯೇ ಇಂತಹ ಲೋಪವಿದ್ದುದು ವಿಚಾರಾರ್ಹವಾದ ಸಂಗತಿ.

ತರುವಾಯ ಬಂದ ಪಿಎಚ್‌ಪಿ (1995), ರೂಬಿ ಆನ್ ರೈಲ್ಸ್ (2004), ಜಾಂಗೊ (2005) ಮುಂತಾದವು ಈ ಶ್ರಮದ ಬಹುಭಾಗವನ್ನು ತಾವೇ ವಹಿಸಿಕೊಂಡುವು. ಪ್ರತಿ ಕೋರಿಕೆಗೂ ಪ್ರೋಗ್ರಾಮು ಸಾಯಬೇಕೆಂಬ ನಿಯಮವೂ ಬಹುಮಟ್ಟಿಗೆ ಹೋಯಿತು. ಆದರೂ ಒಂದೇ ಕೆಲಸವನ್ನು ಹಲವು ಸರ್ವರುಗಳು ಹಂಚಿಕೊಂಡಿರುವಲ್ಲಿ, ಮುಂದಿನ ಕೋರಿಕೆಯು ಯಾವುದಕ್ಕೆ ಹೋಗುವುದೆಂಬ ನಿಶ್ಚಯವಿಲ್ಲದ ಕಾರಣ, ನೆನಪನ್ನು ಹೊರಗಿರಿಸುವ ಅಗತ್ಯವು ಮೊದಲಿನಂತೆಯೇ ನಿಂತಿದೆ. ಅದುಕಾರಣ ನುರಿತವರಿಗೆ ಈ ವಿದ್ಯೆಯನ್ನು ಬೋಧಿಸುವವರು ಉಪಕರಣದ ವರ್ಣನೆಯಿಂದ ಆರಂಭಿಸುವುದಕ್ಕಿಂತ, ಕೋರಿಕೆಯೊಂದು ಬಂದು ಉತ್ತರವಾಗಿ ಮರಳುವವರೆಗಿನ ನಡೆಯನ್ನು ಮೊದಲು ತಿಳಿಸುವುದು ಯುಕ್ತ. ಹಾಗೆ ಮಾಡಿದಲ್ಲಿ ಅವರ ಪೂರ್ವಜ್ಞಾನದಲ್ಲಿ ಯಾವುದು ಒದಗುವುದು, ಯಾವುದನ್ನು ಬಿಡಬೇಕು ಎಂಬುದನ್ನು ಅವರೇ ವಿವೇಚಿಸಿಕೊಳ್ಳಬಲ್ಲರು.