ಚಾಮಯ್ಯ ಮೇಷ್ಟ್ರ ದನಿ

ಕನ್ನಡ ಸಿನಿಮಾ ನೋಡಿಕೊಂಡು ಬೆಳೆದ ನಮ್ಮ ತಲೆಮಾರಿನ ಹೆಣ್ಣುಮಕ್ಕಳಿಗೆ ಮನೆಯಲ್ಲೊಬ್ಬ ಅಪ್ಪ, ತೆರೆಯ ಮೇಲೊಬ್ಬ ಅಪ್ಪ. ಮನೆಯ ಅಪ್ಪ ಗದರಿಸಿದ ದಿನ ತೆರೆಯ ಅಪ್ಪನನ್ನು ನೆನೆದು ಸಮಾಧಾನ ಪಟ್ಟುಕೊಂಡವರು ನಾನೊಬ್ಬಳೇ ಅಲ್ಲ. ಆ ಅಪ್ಪನ ಹೆಸರು ಕೆ.ಎಸ್. ಅಶ್ವತ್ಥ್. ಅವರ ಮುಖಕ್ಕಿಂತ ಮೊದಲು ಕನ್ನಡಿಗರಿಗೆ ಪರಿಚಯವಾದದ್ದು ಅವರ ದನಿ. ಆ ದನಿ ನಮ್ಮ ಮೈಸೂರಿನ ಬಾನುಲಿಯಿಂದ ಬಂದದ್ದು.

ಮೈಸೂರಿಗೂ ದನಿಗೂ ಹಳೆಯ ನಂಟು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಪುಟ್ಟದೊಂದು ಪ್ರಸಾರ ಯಂತ್ರ ಇಟ್ಟುಕೊಂಡು ಬಾನುಲಿ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಇವತ್ತು ದೇಶವೆಲ್ಲ ಹೇಳುವ ಆ ಮಾತು ಮೈಸೂರಿನ ಒಂದು ಮನೆಯದು ಎಂದರೆ ಹೆಮ್ಮೆಯಾಗದೇ ಇರುತ್ತದೆಯೇ? ನಮ್ಮ ಲಕ್ಷ್ಮೀಪುರಂನಲ್ಲಿ ಅವರ ಹೆಸರು ಹೊತ್ತ ಶಿಶುವಿಹಾರದ ಮುಂದೆ ದಿನವೂ ಓಡಾಡುವ ಎಷ್ಟು ತಾಯಂದಿರಿಗೆ ಈ ಕಥೆ ಗೊತ್ತೋ ಕಾಣೆ.

ಅಶ್ವತ್ಥ್ ಹುಟ್ಟಿದ್ದು 1925ರಲ್ಲಿ. ಓದುವ ವಯಸ್ಸಿನಲ್ಲಿ 1942ರ ಚಳವಳಿ ಬಂತು. ಹುಡುಗ ಅದಕ್ಕೆ ಧುಮುಕಿದರು, ಓದು ಅಲ್ಲಿಗೆ ನಿಂತಿತು. ಮುಂದೆ ಸರ್ಕಾರದಲ್ಲಿ ಆಹಾರ ಇನ್‌ಸ್ಪೆಕ್ಟರ್ ಕೆಲಸ. ಅದರ ಜೊತೆಯಲ್ಲೇ ಮೈಸೂರು ಬಾನುಲಿಯ ನಾಟಕಗಳಲ್ಲಿ ಪಾತ್ರ. ರೇಡಿಯೊ ನಾಟಕ ಎಂದರೆ ಸುಲಭವಲ್ಲ. ಬಣ್ಣವಿಲ್ಲ, ಕಿರೀಟವಿಲ್ಲ, ಕಣ್ಣೀರು ಒರೆಸಿಕೊಂಡರೆ ಕಾಣುವವರಿಲ್ಲ. ದುಃಖವಾಗಲಿ ಕೋಪವಾಗಲಿ ಉಸಿರಿನಲ್ಲೇ ತಿಳಿಯಬೇಕು. ಮೈಕಿನ ಮುಂದೆ ಕೂಗಿದರೆ ಕೆಟ್ಟಿತು, ಮೆಲ್ಲನೆ ಆಡಿದರೆ ಮಾತು ಮನೆಯೊಳಗೇ ಬಂದು ಕೂತ ಹಾಗೆ. ಕಂಪನಿ ನಾಟಕಗಳಿಂದ ಬಂದ ಅನೇಕ ನಟರು ಕೊನೆಯ ಬೆಂಚಿಗೂ ಕೇಳಲೆಂದು ಗಟ್ಟಿಯಾಗಿ ಮಾತಾಡುತ್ತಿದ್ದ ಕಾಲದಲ್ಲಿ, ಅಶ್ವತ್ಥ್ ಪಕ್ಕದಲ್ಲಿ ಕೂತವರೊಡನೆ ಎಂಬಂತೆ ಮಾತಾಡಿದ್ದರ ಗುಟ್ಟು ಇದೇ ಇರಬೇಕು.

1955ರಲ್ಲಿ ಕೆ. ಸುಬ್ರಹ್ಮಣ್ಯಂ ಅವರ 'ಸ್ತ್ರೀರತ್ನ'ದಲ್ಲಿ ನಾಯಕನಾಗಿ ಅವರು ತೆರೆಗೆ ಬಂದರು. ಅದೇ ವರ್ಷ ಮೈಸೂರಿನ ಬಾನುಲಿ ನಿಲಯ ಬೆಂಗಳೂರಿಗೆ ಹೋಯಿತು. ಮತ್ತೆ ನಮ್ಮೂರಿಗೆ ನಿಲಯ ಬಂದದ್ದು 1974ರಲ್ಲಿ. ಅಶ್ವತ್ಥ್ ಮಾತ್ರ ಹೋಗಲಿಲ್ಲ. ಚಿತ್ರರಂಗವೆಲ್ಲ ಮದರಾಸಿನಲ್ಲಿದ್ದ ದಿನಗಳಲ್ಲೂ ಮೈಸೂರೇ ಅವರ ಊರಾಗಿ ಉಳಿಯಿತು. ನಾಯಕನ ಪಟ್ಟ ಹೆಚ್ಚು ದಿನ ಇರಲಿಲ್ಲ. ಇನ್ನೂ ತಲೆ ನರೆಯುವ ಮೊದಲೇ ತೆರೆಯ ಮೇಲೆ ತಂದೆಯಾದರು, ಅಣ್ಣನಾದರು, ಮೇಷ್ಟ್ರಾದರು. ಪಂಢರಿಬಾಯಿಯವರೊಡನೆ ಅವರು ನಿಂತರೆ ಅದು ಸಿನಿಮಾ ಜೋಡಿ ಎನಿಸದೆ ನಮ್ಮ ಬೀದಿಯ ಯಾವುದೋ ಮನೆಯ ದಂಪತಿ ಎನಿಸುತ್ತಿತ್ತು. ಅವರು ಅಭಿನಯಿಸಿದ ಚಿತ್ರಗಳು ಸುಮಾರು 370.

1967ರ 'ಬೆಳ್ಳಿಮೋಡ' ನೆನಪಿದೆಯೇ? ನಮಗೆ ಹತ್ತಿರದ ಚಾಮುಂಡಿಪುರಂನಲ್ಲಿ ಕೂತು ತ್ರಿವೇಣಿಯವರು ಹೆಣ್ಣಿನ ಮನಸ್ಸನ್ನು ಬಿಡಿಸಿ ಬರೆದವರು. ಅವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ಚಿತ್ರ ಮಾಡಿದಾಗ ಇಂದಿರೆಯ ತಂದೆಯಾದವರು ಅಶ್ವತ್ಥ್. ಮಗಳ ಕೈಹಿಡಿಯುವವನೆಂದು ನಂಬಿ ಓದಿಸಿದ ಹುಡುಗ, ಆಸ್ತಿಗೆ ಗಂಡು ವಾರಸುದಾರ ಹುಟ್ಟಿದ ಕೂಡಲೇ ಹಿಂದೆಗೆಯುತ್ತಾನೆ. ಕಡೆಗೆ ಅವನೇ ಬಯಸಿ ಬಂದಾಗ ಇಂದಿರೆ ಒಲ್ಲೆ ಎನ್ನುತ್ತಾಳೆ.

1972ರ 'ನಾಗರಹಾವು' ಚಿತ್ರದಲ್ಲಿ ಅದೇ ಪುಟ್ಟಣ್ಣ ಅದೇ ದನಿಯನ್ನು ಬೇರೆ ಕೆಲಸಕ್ಕೆ ಬಳಸಿದರು. ಚಾಮಯ್ಯ ಮೇಷ್ಟ್ರು ಒಳ್ಳೆಯವರು. ಊರೆಲ್ಲ ದೂರುವ ರಾಮಾಚಾರಿಯನ್ನು ಅವರೊಬ್ಬರೇ ಮಗನಂತೆ ಕಂಡವರು. ಜಾತಿ ಬೇರೆ ಎಂದು ಅಲಮೇಲುವನ್ನು ಬಿಟ್ಟುಬಿಡಲು ಹೇಳುವವರೂ ಅವರೇ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಮೆಲ್ಲಗೆ ಕೇಳಿಕೊಳ್ಳುತ್ತಾರೆ. ಯಾರಿಗೂ ಬಗ್ಗದ ರಾಮಾಚಾರಿ ಬಗ್ಗುತ್ತಾನೆ. ಅಲಮೇಲು ಬೇರೊಬ್ಬನ ಕೈಸೇರಿ, ಮೈ ಮಾರಿಕೊಳ್ಳುವ ಸ್ಥಿತಿಗೆ ಬೀಳುತ್ತಾಳೆ. ಮೇಷ್ಟ್ರಿಗಾಗಿ ಎಲ್ಲರೂ ಅತ್ತರು, ನಾನೂ ಅತ್ತೆ.

ಅದೇ ಸುಮಾರಿಗೆ ನಮ್ಮ ಮನೆಯಲ್ಲಿ ಅಕ್ಕನ ಓದು ನಿಂತಿತು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು, ಒಳ್ಳೆಯ ಸಂಬಂಧ ಬಂತು. ಅಪ್ಪ ಅಂದು ಗದರಿಸಲಿಲ್ಲ. "ನೀನು ಜಾಣೆ, ನಿನಗೆ ಹೇಳಬೇಕೇನಮ್ಮಾ?" ಎಂದಷ್ಟೇ ಅಂದರು. ಗದರಿಸಿದ್ದರೆ ಅಕ್ಕ ಜಗಳವಾಡುತ್ತಿದ್ದಳೇನೋ. ಆ ಮೆದು ಮಾತಿಗೆ ಅವಳಲ್ಲಿ ಉತ್ತರವಿರಲಿಲ್ಲ. ಪುಸ್ತಕಗಳನ್ನು ತಾನೇ ಕಟ್ಟಿ ಅಟ್ಟಕ್ಕೆ ಹಾಕಿದಳು.

ಇದಕ್ಕೆ ನಟನನ್ನು ದೂರಬಾರದು. ಪ್ರೀತಿಯಿಂದ ಆಡಿದ ಮಾತು ಎಷ್ಟು ಬಲವುಳ್ಳದ್ದೆಂದು ತೋರಿಸಿಕೊಟ್ಟವರು ಅವರು. ಚಾಮಯ್ಯನವರನ್ನು ಯಾರಾದರೂ ಒರಟು ದನಿಯ ನಟ ಮಾಡಿದ್ದರೆ ನಾವು ಆ ಮೇಷ್ಟ್ರನ್ನು ಬೈದು ಸುಮ್ಮನಾಗುತ್ತಿದ್ದೆವು. ಅಶ್ವತ್ಥ್ ಮಾಡಿದ್ದರಿಂದ ಬೈಯಲೂ ಆಗಲಿಲ್ಲ, ಮರೆಯಲೂ ಆಗಲಿಲ್ಲ. ಒಳ್ಳೆಯವರಿಂದಲೇ ಕೇಡಾಗುವುದನ್ನು ನಂಬುವಂತೆ ಮಾಡುವುದು ಖಳನಾಯಕನ ಪಾತ್ರಕ್ಕಿಂತ ಕಷ್ಟದ್ದು.

ಅಶ್ವತ್ಥ್ 2010ರ ಜನವರಿ 18ರಂದು ಮೈಸೂರಿನಲ್ಲೇ ತೀರಿಕೊಂಡರು. 'ನಾಗರಹಾವು' ಆಗೀಗ ಟೀವಿಯಲ್ಲಿ ಬರುತ್ತದೆ. ಹೋದ ಸಲ ನನ್ನ ಮಗಳೂ ಜೊತೆಯಲ್ಲಿ ಕೂತು ನೋಡಿದಳು. ಮೇಷ್ಟ್ರ ಮಾತು ಮುಗಿಯುತ್ತಿದ್ದ ಹಾಗೆ, "ಎಷ್ಟು ಚೆನ್ನಾಗಿ ಮಾತಾಡ್ತಾರಮ್ಮ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಅಲಮೇಲುವನ್ನ ಯಾರೂ ಕೇಳಲೇ ಇಲ್ಲವಲ್ಲ?" ಅಂದಳು. ನಾನು ಅಕ್ಕನಿಗೆ ಫೋನ್ ಮಾಡಿ ಅದನ್ನು ಹೇಳಿದೆ.